ಯಕ್ಷರ ಸೀಮೆಗೆ ಬಂದ ಪಟ್ಟಣಿಗರು

ಕಳೆದ ಆಷಾಢದಲ್ಲಿ ಸಕಲೇಶಪುರದ ನಮ್ಮ ಮನೆಗೆ ಬಂದ ಬೆಂಗಳೂರಿನ ತರುಣರು ಮಳೆಗೆ ಬೇಸತ್ತು ಒಂದು ಆಟ ಹೂಡಿದರು. ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತನಾಡುವುದು. ಸೂತ್ರಧಾರನು ಕಥೆ ನಡೆಸುವುದು. ಸಂದೇಹ ಬಂದಲ್ಲಿ ಇಪ್ಪತ್ತು ಮುಖದ ದಾಳದ ತೀರ್ಪು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದರ ಮೂಲವಂತೆ. ತಾಳಮದ್ದಳೆ ಕೇಳಿ ಬೆಳೆದ ನನಗೆ ಇದೇನೂ ಹೊಸತೆನಿಸಲಿಲ್ಲ. ಭಾಗವತರ ಪದ ಮುಗಿದೊಡನೆ, ವೇಷವಿಲ್ಲದೆ ಕುಳಿತ ಅರ್ಥಧಾರಿಯು ಮಾತಿನಿಂದಲೇ ಕರ್ಣನಾಗುವುದಿಲ್ಲವೆ? ಆದರೆ ಪ್ರಸಂಗದ ಕೊನೆ ಅಲ್ಲಿ ಮೊದಲೇ ಗೊತ್ತು; ಇಲ್ಲಿ ಯಾರಿಗೂ ಗೊತ್ತಿಲ್ಲ.

ಸೂತ್ರಧಾರನ ಪಟ್ಟ ನನಗೆ ಬಂದಿತು. ವೀರರೂ ಮಾಂತ್ರಿಕರೂ ಬೇಡ, ನೀವು ನೀವಾಗಿಯೇ ಬನ್ನಿ ಎಂದೆ. ಟಿಪ್ಪುವಿನ ಮಂಜರಾಬಾದ್ ಕೋಟೆಯನ್ನು ಮಂಜಿನಲ್ಲಿ ಹೊಕ್ಕವರು ಹೊರಬಂದದ್ದು ಯಕ್ಷರ ಸೀಮೆಗೆ. ಜೇಬಿನಲ್ಲಿದ್ದುದೇ ಆಯುಧ. ಮೊಬೈಲು ಬೇಗನೆ ಬರಿಯ ಕನ್ನಡಿಯಾಯಿತು; ನಗೆಯೂ ಅಡಗಿತು. ಕಲ್ಪಿತ ವೀರನನ್ನು ಸಾಯಿಸಲು ಹಿಂದೆಗೆಯದವರು ತಮ್ಮ ಹೆಸರಿನಲ್ಲಿ ಒಂದು ಹೆಜ್ಜೆ ಇಡಲು ಮೂರು ಸಲ ಯೋಚಿಸುತ್ತಿದ್ದರು.

ಹೇಮಾವತಿಯ ಸೇತುವೆಯಲ್ಲಿ ಯಕ್ಷನು ಸುಂಕ ಕೇಳಿದ: ಮರಳಿ ಸಿಕ್ಕದ ವಸ್ತುವೊಂದು. ತಂಗಿಯ ಮಗಳು ಚೀಲದಿಂದ ಈ ಮನೆಯ ಬೀಗದ ಕೈ ತೆಗೆದಳು. ಮನೆ ಮಾರುವ ಮಾತು ನಡೆದಿದ್ದುದು ಆ ವಾರವೇ.

"ಕೊಡಲೇ, ಮಾವ?"

ದಾಳ ನನ್ನ ಮುಷ್ಟಿಯಲ್ಲಿತ್ತು, ಉರುಳಿಸಲಾರದೆ ಹೋದೆ. ಯಕ್ಷನಿಂದ "ನಾಳೆ ಬಾ" ಎನ್ನಿಸಿದೆ. ತೀರ ದುರ್ಬಲ ಸೂತ್ರಧಾರ!

ಆಟ ಅಲ್ಲಿಯೇ ನಿಂತಿದೆ. ಕ್ರಯಪತ್ರಕ್ಕೆ ನಾನಿನ್ನೂ ರುಜು ಹಾಕಿಲ್ಲ.