ಕರುಳು ಮೊಟಕಾದವರ ಬಾಯಾರಿಕೆ

ಹೊಟ್ಟೆನೋವೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಓಮದ ಕಷಾಯ, ಆಮೇಲೆ ಗ್ಯಾಸ್ಟ್ರಿಕ್ ಮಾತ್ರೆ. ಬಹುಪಾಲು ಸಂದರ್ಭಗಳಲ್ಲಿ ಅಷ್ಟೇ ಸಾಕು. ಆದರೆ ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಲುಕಿದಾಗ ಅಥವಾ ಕರುಳೇ ತಿರುಚಿಕೊಂಡಾಗ ಉಳಿದಿರುವುದು ಕೆಲವೇ ಗಂಟೆಗಳ ಅವಕಾಶ. ಹೆಪ್ಪಿನ ಪ್ರಕರಣಗಳಲ್ಲಿ ಆರಂಭದಲ್ಲಿ ಹೊಟ್ಟೆ ಮುಟ್ಟಿದರೆ ಮೆದುವಾಗಿಯೇ ಇರುತ್ತದೆ, ನೋವು ಮಾತ್ರ ಅಸಹನೀಯ. ತಡವಾದರೆ ಸತ್ತ ಕರುಳನ್ನು ಕತ್ತರಿಸಿ ತೆಗೆಯುವುದರ ಹೊರತು ಅನ್ಯಮಾರ್ಗವಿಲ್ಲ.

ವಯಸ್ಕರ ಸಣ್ಣಕರುಳು ಸುಮಾರು 6 ಮೀಟರ್ ಉದ್ದ. ಉಳಿದದ್ದು 2 ಮೀಟರಿಗಿಂತ ಕಡಿಮೆಯಾದರೆ ಅದನ್ನು ಮೊಟಕು ಕರುಳೆಂದು ಪರಿಗಣಿಸುತ್ತಾರೆ. ಜೀವ ಉಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ನಿಜವಾದ ಕಷ್ಟ ಆರಂಭವಾಗಿರುತ್ತದೆ.

ಶಿವಮೊಗ್ಗದ ಆಸ್ಪತ್ರೆಯಿಂದ ಭದ್ರಾವತಿಯ ಮನೆಗೆ ಮರಳಿದ ಇಂಥ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಹೊಟ್ಟೆಗೆ ಅಂಟಿಸಿದ ಚೀಲ ಮತ್ತೆ ಮತ್ತೆ ತುಂಬುತ್ತದೆ, ಬಾಯಿ ಒಣಗುತ್ತದೆ. ನೋಡಲು ಬಂದ ನೆಂಟರು ಎಳನೀರು ತರುತ್ತಾರೆ. ಚೆನ್ನಾಗಿ ನೀರು ಕುಡಿಯಿರಿ ಎನ್ನುತ್ತಾರೆ. ಸದುದ್ದೇಶದ ಈ ಸಲಹೆಯೇ ಅಪಾಯಕಾರಿ. ಉಪ್ಪಿಲ್ಲದ ನೀರು ಮೊಟಕು ಕರುಳನ್ನು ಹೊಕ್ಕರೆ ದೇಹದ ಸೋಡಿಯಂ ಕರುಳಿಗಿಳಿದು, ನೀರಿನೊಡನೆ ಚೀಲ ಸೇರುತ್ತದೆ. ಕುಡಿದಷ್ಟೂ ಬಾಯಾರಿಕೆ ಹೆಚ್ಚುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಅತ್ಯಲ್ಪ.

ಇವರಿಗೆ ಬೇಕಾದದ್ದು ಸಕ್ಕರೆ ಮತ್ತು ಉಪ್ಪು ಜೊತೆಗೂಡಿದ ದ್ರಾವಣ. ಸಾಮಾನ್ಯ ಒಆರ್‌ಎಸ್ ಪೊಟ್ಟಣದ ಲೀಟರಿನಲ್ಲಿ 75 ಮಿಲಿಮೋಲ್ ಸೋಡಿಯಂ ಇದ್ದರೆ ಇವರಿಗೆ 90ರ ಆಸುಪಾಸು ಬೇಕು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನಲ್ಲಿ ಪ್ರಚಲಿತವಾದ ಪಾಕ ಸರಳ: ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ರುಚಿಯ ಮಾತು ಬೇಡ. ವೈದ್ಯರು ಹೇಳಿದ ಪ್ರಮಾಣದಲ್ಲಿ ಗುಟುಕು ಗುಟುಕಾಗಿ ಕುಡಿದು, ಬರೀ ನೀರನ್ನು ಮಿತಗೊಳಿಸಬೇಕು. ಉಪ್ಪು ಹಾಕಿದ ಗಂಜಿ, ದಿನಕ್ಕೆ ಆರೇಳು ಬಾರಿ ಸ್ವಲ್ಪ ಸ್ವಲ್ಪ ಊಟ, ಊಟಕ್ಕೆ ಅರ್ಧ ಗಂಟೆ ಮುನ್ನ ಲೋಪೆರಮೈಡ್. ಕರುಳಿನ ತುದಿಭಾಗ ಹೋದವರಿಗೆ ಬಿ-12 ಚುಚ್ಚುಮದ್ದು ಜೀವನಪರ್ಯಂತ. ದೊಡ್ಡಕರುಳು ಉಳಿದವರಿಗೆ ಮೂತ್ರಪಿಂಡದ ಕಲ್ಲಿನ ಭಯ. ಮಲೆನಾಡಿಗರ ಅಚ್ಚುಮೆಚ್ಚಿನ ಬಸಳೆ, ಹರಿವೆಗಳಲ್ಲಿ ಆಕ್ಸಲೇಟ್ ಹೆಚ್ಚು.

ರಕ್ತನಾಳದ ಮೂಲಕವೇ ಪೂರ್ಣ ಪೋಷಣೆ ಸಾಧ್ಯವೆಂದು ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್ 1960ರ ದಶಕದಲ್ಲಿ ತೋರಿಸಿಕೊಟ್ಟರು. 2012ರಲ್ಲಿ ಅಲ್ಲಿ ಟೆಡುಗ್ಲುಟೈಡ್ ಔಷಧಿಗೂ ಅನುಮತಿ ದೊರೆಯಿತು. ಎರಡೂ ಮಧ್ಯಮವರ್ಗದ ಜೇಬಿಗೆ ನಿಲುಕುವಂಥವಲ್ಲ. ಆದರೆ ಉಳಿದ ಕರುಳು ಒಂದೆರಡು ವರ್ಷಗಳಲ್ಲಿ ತಾನಾಗಿ ಹೊಂದಿಕೊಳ್ಳುವ ಸಾಮರ್ಥ್ಯ ಪಡೆದಿದೆ. ಅಲ್ಲಿಯವರೆಗೆ ರೋಗಿಯನ್ನು ಕಾಪಾಡುವುದು ಹೆಚ್ಚಾಗಿ ಆಹಾರತಜ್ಞರ, ದಾದಿಯರ ಕೆಲಸ. ಮೆಗ್ಗಾನ್‌ನಂತಹ ಬೋಧನಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಇಂಥವರಿಗೆಂದೇ ಮೀಸಲಿಟ್ಟರೆ, ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯವರು ಸಣ್ಣಪುಟ್ಟದಕ್ಕೆಲ್ಲ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಬೇಕಿಲ್ಲ. ತೂಕದ ಯಂತ್ರ, ಚೀಲದ ದ್ರವ ಅಳೆಯುವ ಜಾಡಿ, ಮೂತ್ರದ ಸೋಡಿಯಂ ಪರೀಕ್ಷೆ ಸಾಕು. ಲೀಟರಿಗೆ 20 ಮಿಲಿಮೋಲಿಗಿಂತ ಅದು ಇಳಿದಿದ್ದರೆ, ರೋಗಿ ತಲೆಸುತ್ತಿ ಬೀಳುವ ಮುನ್ನವೇ ಉಪ್ಪು ಸಾಲುತ್ತಿಲ್ಲವೆಂದು ತಿಳಿಯುತ್ತದೆ.