ಒಂದು ಬಿಲ್ಲೆಗಾಗಿ ಅರ್ಧ ಕಾರು

ಐದನೇ ಗೇರಿನಲ್ಲಿ ಕಾರು ಏರು ಹತ್ತುತ್ತಿದೆ. ಆಕ್ಸಿಲರೇಟರ್ ಅದುಮಿದರೆ ಎಂಜಿನ್ನಿನ ಸದ್ದು ಜೋರಾಗುತ್ತದೆ, ಟ್ಯಾಕೋಮೀಟರಿನ ಮುಳ್ಳು ಮೂರು ಸಾವಿರದಿಂದ ನಾಲ್ಕು ಸಾವಿರಕ್ಕೆ ಜಿಗಿಯುತ್ತದೆ. ಸ್ಪೀಡೋಮೀಟರಿನ ಮುಳ್ಳು ಮಾತ್ರ ಅಲುಗುವುದಿಲ್ಲ. ಕ್ಲಚ್ ಜಾರುತ್ತಿದೆ ಎನ್ನಲು ಬೇರೆ ಸಾಕ್ಷಿ ಬೇಡ.

ವಿಚಿತ್ರವೆಂದರೆ, ಇದೇ ಕಾರು ಒಂದು, ಎರಡನೇ ಗೇರಿನಲ್ಲಿ ಏನೂ ಆಗಿಲ್ಲವೆಂಬಂತೆ ಓಡುತ್ತಿರುತ್ತದೆ. ಕೆಳಗಿನ ಗೇರುಗಳಲ್ಲಿ ಎಂಜಿನ್ ಸರಸರನೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಅದರ ಬಲದ ಒಂದು ಪಾಲು ತನ್ನದೇ ಭಾರದ ಫ್ಲೈವೀಲನ್ನು ತಿರುಗಿಸಲು ಖರ್ಚಾಗಿ, ಉಳಿದದ್ದಷ್ಟೇ ಕ್ಲಚ್ಚಿಗೆ ಬರುತ್ತದೆ. ಗರಿಷ್ಠ ಟಾರ್ಕಿನ ಹಂತವೂ ಕ್ಷಣದಲ್ಲಿ ದಾಟಿಹೋಗುತ್ತದೆ. ಮೇಲಿನ ಗೇರಿನಲ್ಲಿ ಹಾಗಲ್ಲ, ಹೆಚ್ಚುಕಡಿಮೆ ಪೂರ್ತಿ ಟಾರ್ಕನ್ನು ಕ್ಲಚ್ ಬಹಳ ಹೊತ್ತು ತಡೆದುಕೊಳ್ಳಬೇಕು. ಸವೆದ ಕ್ಲಚ್ಚಿನ ಗುಟ್ಟು ಅಲ್ಲಿ ರಟ್ಟಾಗುತ್ತದೆ.

ರಚನೆ ಸರಳ. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್, ಅದಕ್ಕೆ ಆತುಕೊಂಡು ಘರ್ಷಣೆಯ ಪಟ್ಟಿ ಮೆತ್ತಿದ ಬಿಲ್ಲೆ, ಬಿಲ್ಲೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್. ಒತ್ತುವ ಬಲ ಬರುವುದು ತಟ್ಟೆಯಾಕಾರದ ಉಕ್ಕಿನ ಡಯಾಫ್ರಮ್ ಸ್ಪ್ರಿಂಗಿನಿಂದ. ಪೆಡಲ್ ತುಳಿದಾಗ ಥ್ರೋಔಟ್ ಬೇರಿಂಗ್ ಈ ಸ್ಪ್ರಿಂಗಿನ ನಡುವನ್ನು ಒತ್ತಿ, ಅಂಚಿನ ಹಿಡಿತವನ್ನು ಸಡಿಲಿಸುತ್ತದೆ.

ಲೆಕ್ಕವೂ ಕಷ್ಟದ್ದಲ್ಲ. ಘರ್ಷಣಾಂಕ 0.3, ಸ್ಪ್ರಿಂಗಿನ ಬಲ 4,000 ನ್ಯೂಟನ್, ಬಿಲ್ಲೆಯ ಸರಾಸರಿ ತ್ರಿಜ್ಯ 8 ಸೆಂಟಿಮೀಟರ್, ಘರ್ಷಿಸುವ ಮುಖಗಳು ಎರಡು ಎಂದಿಟ್ಟುಕೊಳ್ಳಿ. ಗುಣಿಸಿದರೆ ಸುಮಾರು 190 ನ್ಯೂಟನ್-ಮೀಟರ್. ಸುಮಾರು 135 ನ್ಯೂಟನ್-ಮೀಟರ್ ಟಾರ್ಕ್ ಕೊಡುವ 1.6 ಲೀಟರಿನ ಎಂಜಿನ್ನಿಗೆ ಇದು ಧಾರಾಳ ಸಾಕು. ಎಂಜಿನ್ನಿನ ಹಿಂದಿನ ಸೀಲು ಸೋರಿ, ಎಣ್ಣೆ ತಗುಲಿ ಘರ್ಷಣಾಂಕ ಅರ್ಧಕ್ಕಿಳಿದರೆ ತಾಳಿಕೆ 95ಕ್ಕೆ ಕುಸಿಯುತ್ತದೆ. ಪಟ್ಟಿ ಒಂದಿಷ್ಟೂ ಸವೆಯದಿದ್ದರೂ ಕ್ಲಚ್ ಜಾರುತ್ತದೆ.

ಸವೆತದ ಮೂಲ ಶಾಖ. ನಿಂತ ಕಾರನ್ನು ಹೊರಡಿಸುವಾಗ ಎಂಜಿನ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಈ ವ್ಯತ್ಯಾಸವನ್ನು ತುಂಬಬೇಕಾದ್ದು ಬಿಲ್ಲೆಯ ಜಾರುವಿಕೆ. ಎಂಜಿನ್ ಒಂದೇ ವೇಗದಲ್ಲಿದ್ದರೆ, ಕಾರಿಗೆ ದಕ್ಕಿದಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ಸಾವಿರ ಕಿಲೋ ತೂಕದ ಕಾರು ಗಂಟೆಗೆ 20 ಕಿಲೋಮೀಟರ್ ವೇಗ ಮುಟ್ಟುವ ಹೊತ್ತಿಗೆ ಅದು ಸುಮಾರು 15 ಕಿಲೋಜೂಲ್. ಒಂದು ಸಣ್ಣ ಕಾಫಿ ಲೋಟದ ಅರ್ಧದಷ್ಟು ನೀರನ್ನು ಕುದಿಸಲು ಅಷ್ಟು ಸಾಕು. ಒಂದೊಂದು ಸಿಗ್ನಲ್ಲಿನಲ್ಲೂ ಇದೇ ಕಥೆ. ಏರಿನಲ್ಲಿ ಬ್ರೇಕ್ ಹಿಡಿಯುವ ಬದಲು ಹಾಫ್ ಕ್ಲಚ್ಚಿನಲ್ಲೇ ಕಾರನ್ನು ನಿಲ್ಲಿಸಿಕೊಳ್ಳುವವರ ಕ್ಲಚ್ ಬೇಗ ಸಾಯುವುದರಲ್ಲಿ ಆಶ್ಚರ್ಯವಿಲ್ಲ.

ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ರೋಗವನ್ನು ಸರಿಯಾಗಿ ಗುರುತಿಸಬೇಕು. ಕ್ಲಚ್ ಜಾರುವುದು ಒಂದು ರೋಗ, ಬಿಡದಿರುವುದು ಇನ್ನೊಂದು. ಪೆಡಲ್ ನೆಲಕ್ಕೆ ಕುಸಿದು, ಗೇರ್ ಕರಕರ ಎಂದು ಬೀಳದಿದ್ದರೆ ತಪ್ಪು ಬಿಲ್ಲೆಯದಲ್ಲದೆ ಇರಬಹುದು. ಮಾಜ್ದಾ ಎಂಎಕ್ಸ್-5ರಲ್ಲಿ ಸೋರುವ ಸ್ಲೇವ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ದ್ರವದ ಮೂಲಕ ಪಡೆದು ಕ್ಲಚ್ ಬಿಡಿಸುವ ಭಾಗ) ಹಳೆಯ, ಪ್ರಸಿದ್ಧ ಕಾಯಿಲೆ. ಅದು ಗೇರ್‌ಬಾಕ್ಸಿನ ಹೊರಗೇ ಇರುವ ಅಗ್ಗದ ಭಾಗ. ಅದನ್ನು ಬದಲಿಸಿ, ಬ್ರೇಕ್ ಆಯಿಲ್ ತುಂಬಿ, ಗಾಳಿ ತೆಗೆದರೆ ಕೆಲಸ ಮುಗಿಯಿತು. ಇದನ್ನು ನೋಡದೆ ಗೇರ್‌ಬಾಕ್ಸ್ ಇಳಿಸಿದವರು ಆಮೇಲೆ ತಲೆ ಚಚ್ಚಿಕೊಳ್ಳುತ್ತಾರೆ.

ಮನೆಯಲ್ಲೇ ಕ್ಲಚ್ ಬದಲಿಸುವ ಹವ್ಯಾಸಿಗೆ ಎಂಎಕ್ಸ್-5 ಒಳ್ಳೆಯ ಪಾಠಶಾಲೆ. 1989ರ ಫೆಬ್ರುವರಿಯಲ್ಲಿ ಶಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಸೀಟಿನ ಕಾರಿನಲ್ಲಿ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಅದರ ಬೆನ್ನಿಗೆ, ಚಾಲನೆ ಹಿಂದಿನ ಚಕ್ರಗಳಿಗೆ. ಕ್ಲಚ್ ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ. ಗೇರ್‌ಬಾಕ್ಸನ್ನು ಒಂದು ಅಡಿ ಹಿಂದಕ್ಕೆ ಸರಿಸಿ ಕೆಳಗಿಳಿಸಿದರೆ ಬಿಲ್ಲೆ ಕೈಗೆ ಸಿಗುತ್ತದೆ.

ಆ ಒಂದು ಅಡಿಗಾಗಿ ಬಿಚ್ಚಬೇಕಾದದ್ದು ಮಾತ್ರ ಬೇಕಾದಷ್ಟಿದೆ. ಬ್ಯಾಟರಿಯ ತಂತಿ ಕಳಚಿ, ಕಾರನ್ನು ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಜಾಕ್ ಇರುವುದು ಎತ್ತಲಿಕ್ಕೆ; ಬರಿಯ ಜಾಕ್ ನಂಬಿ ಕಾರಿನಡಿ ಮಲಗುವುದು ಜೀವದೊಡನೆ ಜೂಜು. ಗೇರ್ ಲಿವರನ್ನು ಒಳಗಿನಿಂದ ಕಿತ್ತು, ಎಕ್ಸಾಸ್ಟ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಇಳಿಸಬೇಕು. ಗೇರ್ ಆಯಿಲ್ ಮೊದಲೇ ಬಸಿಯದಿದ್ದರೆ ಶಾಫ್ಟ್ ಎಳೆದ ಕ್ಷಣ ಎಣ್ಣೆ ಮುಖದ ಮೇಲೇ ಬೀಳುತ್ತದೆ. ಆಮೇಲೆ ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್ಲಿನವರೆಗೆ ಚಾಚಿರುವ ಅಲ್ಯೂಮಿನಿಯಂ ತೊಲೆ, ಮಾಜ್ದಾ ಅದಕ್ಕಿಟ್ಟ ಹೆಸರು ಪವರ್ ಪ್ಲಾಂಟ್ ಫ್ರೇಮ್. ಆಕ್ಸಿಲರೇಟರ್ ಒತ್ತಿದೊಡನೆ ಕಾರು ತೊನೆಯದೆ ಓಗೊಡುವುದಕ್ಕೆ ಈ ತೊಲೆಯೂ ಒಂದು ಕಾರಣ. ಮರಳಿ ಕೂರಿಸುವಾಗ ಅದರ ಎತ್ತರವನ್ನು ಅಳೆದು ಹೊಂದಿಸದಿದ್ದರೆ ಕಾರು ಅದುರುತ್ತದೆ. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ ಗಂಟೆಯಾಕಾರದ ಕವಚ ಬೆಲ್‌ಹೌಸಿಂಗ್; ಅದರ ಮೇಲ್ತುದಿಯ ಬೋಲ್ಟುಗಳು ಕಣ್ಣಿಗೂ ಕಾಣವು, ಕೈಗೂ ಎಟುಕವು. ಉದ್ದುದ್ದ ಎಕ್ಸ್‌ಟೆನ್ಷನ್‌ಗಳನ್ನು ಒಂದಕ್ಕೊಂದು ಜೋಡಿಸಿ ಗೇರ್‌ಬಾಕ್ಸಿನ ಬಾಲದ ಕಡೆಯಿಂದ ತಡಕಬೇಕು. ಕೈಪಿಡಿಯ ಒಂದೇ ಸಾಲು ಅರ್ಧ ದಿನ ನುಂಗುವ ಜಾಗವಿದು.

ಹಳೆಯ ಬಿಲ್ಲೆ ಹೊರಬಂದಾಗ ಅದರ ಇತಿಹಾಸ ಓದಬಹುದು. ಪಟ್ಟಿ ರಿವೆಟ್ ತಲೆಯ ಮಟ್ಟಕ್ಕಿಳಿದಿದ್ದರೆ ರಿವೆಟ್ಟುಗಳು ಫ್ಲೈವೀಲಿಗೆ ಗೀರು ಹಾಕಿರುತ್ತವೆ. ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ ಲೋಹ ವಿಪರೀತ ಕಾದಿದೆ ಎಂದರ್ಥ. ಒಳಗಿನ ಕಪ್ಪು ಧೂಳನ್ನು ಬಾಯಿಂದಾಗಲಿ ಕಂಪ್ರೆಸರಿನಿಂದಾಗಲಿ ಊದಬಾರದು. ಹಳೆಯ ಕಾರುಗಳ ಪಟ್ಟಿಯಲ್ಲಿ ಕಲ್ನಾರು ಇರಬಹುದು, ಅದರ ಎಳೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ತರಬಲ್ಲದು. ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಕ್ಷೇಮ.

ಜೋಡಿಸುವಾಗ ಕಾಡುವುದು ನೇರದ ಪ್ರಶ್ನೆ. ಗೇರ್‌ಬಾಕ್ಸಿನ ಶಾಫ್ಟು ಬಿಲ್ಲೆಯ ಹಲ್ಲುಗಳ ಮೂಲಕ ಹಾದು, ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗಿನೊಳಗೆ ಇಳಿಯಬೇಕು. ಬಿಲ್ಲೆ ಒಂದೆರಡು ಮಿಲಿಮೀಟರ್ ಪಕ್ಕಕ್ಕಿದ್ದರೂ ಮೂವತ್ತು ಕಿಲೋ ಮೀರಿದ ಗೇರ್‌ಬಾಕ್ಸನ್ನು ಮಲಗಿಕೊಂಡು ಎಷ್ಟು ತಳ್ಳಿದರೂ ಒಳಗೆ ಹೋಗದು. ಅದಕ್ಕೇ ಹೊಸ ಕ್ಲಚ್ಚಿನ ಕಿಟ್ಟಿನೊಡನೆ ಪ್ಲಾಸ್ಟಿಕ್ಕಿನ ನಕಲಿ ಶಾಫ್ಟ್ ಬರುತ್ತದೆ. ಅದರಿಂದ ಬಿಲ್ಲೆಯನ್ನು ನಡುವಿಗೆ ತಂದು, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಪ್ಲೇಟು ಸೊಟ್ಟಗಾಗುತ್ತದೆ. ಹೊಸ ಪಟ್ಟಿ ಕೆಲವು ನೂರು ಕಿಲೋಮೀಟರ್ ಮೃದು ಓಟದ ನಂತರವೇ ಪೂರ್ತಿ ಹಿಡಿತಕ್ಕೆ ಬರುತ್ತದೆ.

ಇಷ್ಟೆಲ್ಲ ಆದರೂ ಎಂಎಕ್ಸ್-5 ಸಾಧು ಕಾರು. 1980ರ ದಶಕದ ಪೋರ್ಷೆ 944ರಲ್ಲಿ ಎಂಜಿನ್ ಮುಂದಿದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವಿದೆ; ಎರಡಕ್ಕೂ ನಡುವೆ ಟಾರ್ಕ್ ಟ್ಯೂಬ್ ಎಂಬ ಉದ್ದನೆಯ ಕೊಳವೆ. ಮುಂದೆ ಹಿಂದೆ ತೂಕ ಸರಿಸಮನಾಗಿ ಹಂಚಿಹೋಗಲಿ ಎಂಬ ಆಸೆಯಿಂದ ಮಾಡಿದ ಏರ್ಪಾಟು. ತಿರುವಿನಲ್ಲಿ ಕಾರು ಸೊಗಸಾಗಿ ನಡೆದುಕೊಳ್ಳುತ್ತದೆ, ಅದರ ಬೆಲೆ ಕೊಡುವವನು ಅಡಿಯಲ್ಲಿ ಮಲಗಿದವನು. ಕ್ಲಚ್ ಎಂಜಿನ್ನಿನ ಪಕ್ಕದಲ್ಲೇ ಇದ್ದರೂ ಗೇರ್‌ಬಾಕ್ಸ್ ಇಳಿಸಿ, ಕೊಳವೆಯನ್ನು ಹಿಂದಕ್ಕೆ ಎಳೆಯದೆ ಅದನ್ನು ಮುಟ್ಟುವಂತಿಲ್ಲ. ಬೆಲ್‌ಹೌಸಿಂಗಿನಲ್ಲಿ ಫ್ಲೈವೀಲನ್ನು ಗಮನಿಸುವ ಎರಡು ಸೆನ್ಸರ್‌ಗಳಿವೆ. ಮರಳಿ ಕೂರಿಸುವಾಗ ಅವುಗಳಿಗೂ ಫ್ಲೈವೀಲಿಗೂ ನಡುವಿನ ಅಂತರ 0.8 ಮಿಲಿಮೀಟರ್ ಇರಬೇಕು, ಇಲ್ಲದಿದ್ದರೆ ಎಂಜಿನ್ ಹೊತ್ತಿಕೊಳ್ಳದೆಯೂ ಇರಬಹುದು. ಸಾಲದ್ದಕ್ಕೆ ಮೊದಮೊದಲ ಬಿಲ್ಲೆಗಳ ನಡುವಿಗೆ ಅದುರು ನುಂಗಲೆಂದು ಹಾಕಿದ್ದು ರಬ್ಬರ್. ವಯಸ್ಸಾದಂತೆ ಅದು ಹರಿದು, ಪಟ್ಟಿ ಚೆನ್ನಾಗಿದ್ದರೂ ಕಾರು ನಿಂತುಬಿಡುತ್ತಿತ್ತು. ಈಗ ಬದಲಿಸುವವರು ಉಕ್ಕಿನ ಸ್ಪ್ರಿಂಗಿರುವ ಬಿಲ್ಲೆಯನ್ನೇ ಆರಿಸುತ್ತಾರೆ.

ಪೋರ್ಷೆ 911ರಲ್ಲಿ ಎಂಜಿನ್ ಹಿಂಬದಿಯಲ್ಲಿದೆ. ಗಾಳಿಯಿಂದ ತಂಪಾಗುವ ಹಳೆಯ 911ಗಳಲ್ಲಿ ಹವ್ಯಾಸಿಗಳು ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಕೆಳಗಿಳಿಸಿ, ನೆಲದ ಮೇಲೆ ಬೇರ್ಪಡಿಸುವುದೇ ವಾಡಿಕೆ. ಫೆರಾರಿ 348ರ ಕಥೆ ಮಾತ್ರ ತಲೆಕೆಳಗು. ಕ್ಲಚ್ ಗೇರ್‌ಬಾಕ್ಸಿನ ತೀರ ಹಿಂತುದಿಯಲ್ಲಿರುವುದರಿಂದ ಎಂಜಿನ್ನನ್ನಾಗಲಿ ಗೇರ್‌ಬಾಕ್ಸನ್ನಾಗಲಿ ಇಳಿಸದೆಯೇ ಹಿಂದಿನಿಂದ ಕೈಹಾಕಿ ಬದಲಿಸಬಹುದು. ಅದೇ ಕಾರಿನ ಟೈಮಿಂಗ್ ಬೆಲ್ಟ್ ಬದಲಿಸಲು ಇಡೀ ಎಂಜಿನ್ ಹೊರಗೆ ಬರಬೇಕು.