ನೊಣದ ಮಿದುಳು ಓದಿದ ಡಾ. ವೆರೋನಿಕಾ ರಾಡ್ರಿಗಸ್

ಮಾಗಿದ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣವನ್ನು ನಾವು ಕೈಬೀಸಿ ಓಡಿಸುತ್ತೇವೆ. ಗೋವಾ ಮೂಲದ, ಕೀನ್ಯಾದಲ್ಲಿ ಹುಟ್ಟಿದ ಡಾ. ವೆರೋನಿಕಾ ರಾಡ್ರಿಗಸ್ (1953–2010) ಅದರ ಅಧ್ಯಯನಕ್ಕೇ ಬದುಕನ್ನು ಮೀಸಲಿಟ್ಟರು. ಅದಕ್ಕೆ ವಾಸನೆ ತಿಳಿಯುವುದು ಹೇಗೆ? ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿಯವರ ಶಿಷ್ಯೆಯಾಗಿ ಎತ್ತಿಕೊಂಡ ಪ್ರಶ್ನೆಯನ್ನು ಅವರು ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರಕ್ಕೂ ತಂದರು. ವಾಸನೆಯ ನರಕೋಶಗಳು ಎಲ್ಲಿ ಹುಟ್ಟಿ, ಮಿದುಳಿನಲ್ಲಿ ತಮ್ಮ ಜಾಗವನ್ನು ಹೇಗೆ ಹುಡುಕಿಕೊಳ್ಳುತ್ತವೆ ಎಂಬುದನ್ನು ಅವರ ತಂಡ ಬೆನ್ನಟ್ಟಿತು.

ಇವುಗಳ ತಾಯಿಬೇರು ಕಾಂಡಕೋಶ. ಅದು ಭ್ರೂಣದಲ್ಲಿ ಒಡೆದು ನರಕೋಶಗಳನ್ನು ಕೊಡುತ್ತದೆ, ಕೆಲಕಾಲ ಮಲಗುತ್ತದೆ, ಮರಿಹುಳುವಿನಲ್ಲಿ ಮತ್ತೆ ಎಚ್ಚರಗೊಳ್ಳುತ್ತದೆ. ಎಲ್ಲಿ ನಿಲ್ಲಬೇಕೆಂಬುದೂ ಅದಕ್ಕೆ ತಿಳಿದಿರಬೇಕು. ಇಲ್ಲವಾದರೆ ಮಿದುಳಿನಲ್ಲಿ ಗಡ್ಡೆ ಬೆಳೆಯುತ್ತದೆ. ಕೋಶಗಳ ಈ ಶಿಸ್ತನ್ನು ಬಲ್ಲ ವೆರೋನಿಕಾ ಅವರನ್ನು ಕೊನೆಗೆ ಕೊಂಡೊಯ್ದದ್ದೂ ಕ್ಯಾನ್ಸರೇ.